ಡೀಡ್ ಇದೆ, ಲೇಔಟ್ ಇಲ್ಲ: ಹೊಲ ಸೈಟಾಗುವ ಕಾನೂನು ಮತ್ತು ನಕ್ಷೆಯಲ್ಲೇ ಉಳಿದ ಪಾರ್ಕು

ನಮ್ಮ ಮನೆಯ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಇದೆ. 2008ರಲ್ಲಿ ನಮ್ಮಪ್ಪ ಪಿಎಫ್ ದುಡ್ಡು ತೆಗೆದು, ಸಾಲದ್ದಕ್ಕೆ ಅಮ್ಮನ ಬಳೆ ಅಡವಿಟ್ಟು, ಜಿಲ್ಲಾ ಕೇಂದ್ರವೊಂದರ ಹೊರವಲಯದಲ್ಲಿ 30×40 ಸೈಟು ತಗೊಂಡರು. ಆ ಫೈಲಿನಲ್ಲಿ ನೋಂದಾಯಿತ ಕ್ರಯಪತ್ರ ಇದೆ, ವರ್ಷ ತಪ್ಪದೆ ಕಟ್ಟಿದ ಕಂದಾಯದ ರಸೀದಿಗಳಿವೆ, ಮಡಿಸಿ ಮಡಿಸಿ ಹರಿಯುವ ಹಂತಕ್ಕೆ ಬಂದಿರುವ ಬಡಾವಣೆ ನಕ್ಷೆಯ ಜೆರಾಕ್ಸ್ ಇದೆ. ನಕ್ಷೆಯಲ್ಲಿ ನಮ್ಮ ಸೈಟಿನ ಪೂರ್ವಕ್ಕೆ ಒಂದು ಚೌಕ, ಅದರೊಳಗೆ ಎರಡು ಮರದ ಚಿತ್ರ, ಕೆಳಗೆ 'ಉದ್ಯಾನವನ' ಅಂತ ಬರೆದಿದೆ. ಈಗ ಅಲ್ಲಿ ಮೂರು ಮನೆಗಳಿವೆ.

ಮನೆ ಕಟ್ಟಲು ಸಾಲ ಕೇಳಿಕೊಂಡು ಬ್ಯಾಂಕಿಗೆ ಹೋದಾಗ ಅಲ್ಲಿನ ಅಧಿಕಾರಿ ಫೈಲನ್ನು ಎರಡು ಸಲ ತಿರುವಿ ಹಾಕಿ, 'ಡೀಡ್ ಇದೆ, ಲೇಔಟ್ ಇಲ್ಲವಲ್ಲ ಯಜಮಾನ್ರೇ' ಅಂದರು. ಅಪ್ಪನಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಸಬ್ ರಿಜಿಸ್ಟ್ರಾರ್ ಎದುರು ಹೆಬ್ಬೆಟ್ಟು ಒತ್ತಿ, ಸ್ಟಾಂಪ್ ಡ್ಯೂಟಿ ಕಟ್ಟಿ ತಂದ ಆಸ್ತಿ 'ಇಲ್ಲ' ಆಗೋದು ಹೇಗೆ? ಈ ಲೇಖನ ಆ ಪ್ರಶ್ನೆಗೆ ನಾನು ಆಮೇಲೆ ಹುಡುಕಿಕೊಂಡ ಉತ್ತರ. ಬಿ-ಖಾತಾ, ಅಕ್ರಮ-ಸಕ್ರಮ, ಇ-ಸ್ವತ್ತು ಅಂತ ದಿನಾ ಸುದ್ದಿ ಓದುವ, ಆದರೆ ಇವೆಲ್ಲ ಒಂದಕ್ಕೊಂದು ಹೇಗೆ ಕೊಂಡಿ ಹಾಕಿಕೊಂಡಿವೆ ಅಂತ ತಿಳಿಯದವರಿಗೆ ಉಪಯೋಗಕ್ಕೆ ಬರಬಹುದು.

ಮೂರು ಬೇರೆ ಬೇರೆ ಪ್ರಶ್ನೆ

ಒಂದು ಸೈಟಿನ ಬಗ್ಗೆ ಕಾನೂನು ಮೂರು ಪ್ರಶ್ನೆ ಕೇಳುತ್ತದೆ. ಈ ಜಮೀನು ಯಾರದು? ಇದನ್ನು ವ್ಯವಸಾಯ ಬಿಟ್ಟು ಬೇರೆಯದಕ್ಕೆ ಬಳಸಬಹುದಾ? ಇದನ್ನು ತುಂಡು ಮಾಡಿ ಮಾರಲು ಒಪ್ಪಿಗೆ ಇದೆಯಾ? ಒಂದೊಂದಕ್ಕೂ ಬೇರೆ ಕಾನೂನು, ಬೇರೆ ಕಚೇರಿ. ಕ್ರಯಪತ್ರ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ, ಅದೂ ಅರ್ಧಂಬರ್ಧ. ಇಂಥವರು ಇಂಥವರಿಗೆ ಇಷ್ಟು ಹಣಕ್ಕೆ ಮಾರಿದರು ಅನ್ನೋದನ್ನಷ್ಟೇ ಅದು ದಾಖಲಿಸುತ್ತದೆ. ಮಾರಿದವನಿಗೆ ಮಾರುವ ಹಕ್ಕಿತ್ತಾ, ಮಾರಿದ್ದು ಸೈಟಾ ಹೊಲವಾ ಅಂತ ಸಬ್ ರಿಜಿಸ್ಟ್ರಾರ್ ಬಹುಕಾಲ ಕೇಳುತ್ತಲೂ ಇರಲಿಲ್ಲ.

ಎರಡನೇ ಪ್ರಶ್ನೆಗೆ ಉತ್ತರ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿನಲ್ಲಿದೆ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಜನ ಇದನ್ನೇ 'ಕನ್ವರ್ಷನ್' ಅಥವಾ 'ಎನ್ಎ' ಅನ್ನುತ್ತಾರೆ, ಸರ್ಕಾರಿ ಕನ್ನಡದಲ್ಲಿ ಭೂಪರಿವರ್ತನೆ. ಇದಕ್ಕೆ ಮೊದಲು ತಿಂಗಳುಗಟ್ಟಲೆ ಅಲೆಯಬೇಕಿತ್ತು. 2022ರ ತಿದ್ದುಪಡಿಯ ನಂತರ, ಊರಿನ ಮಹಾಯೋಜನೆಯಲ್ಲಿ ಯಾವ ಬಳಕೆ ಗುರುತಾಗಿದೆಯೋ ಅದಕ್ಕೇ ಕೇಳುವುದಾದರೆ ಅಫಿಡವಿಟ್ ಸಲ್ಲಿಸಿ ಬೇಗ ಮುಗಿಸಿಕೊಳ್ಳಬಹುದು. ಹಳೆಯ ಗ್ರಾಮಠಾಣದೊಳಗಿನ ಜಾಗ ಮೊದಲಿಂದಲೂ ವಾಸದ ಜಾಗ, ಅದಕ್ಕೆ ಕನ್ವರ್ಷನ್ ಗೊಡವೆ ಇಲ್ಲ.

ಹೆಚ್ಚಿನವರು ಎಡವುವುದು ಇಲ್ಲಿಯೇ. 'ಡಿಸಿ ಕನ್ವರ್ಷನ್ ಆಗಿದೆ ಸಾರ್, ಏನೂ ತೊಂದರೆಯಿಲ್ಲ' ಅಂತ ಏಜೆಂಟ್ ಹೇಳುತ್ತಾನೆ. ಅವನು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಆದರೆ ಕನ್ವರ್ಷನ್ ಆದ ನಾಲ್ಕು ಎಕರೆ ಜಮೀನು ನಾಲ್ಕು ಎಕರೆಯ ಒಂದೇ ತುಂಡು. ಅಲ್ಲಿ ಮನೆ ಕಟ್ಟಬಹುದು ಅಂತಾಯಿತೇ ಹೊರತು, ನೂರು ಜನಕ್ಕೆ ಹಂಚಿ ಮಾರಬಹುದು ಅಂತಾಗಲಿಲ್ಲ.

17ನೇ ಸೆಕ್ಷನ್: ಯಾರೂ ಹೆಸರು ಹೇಳದ ನಿಯಮ

ಮೂರನೇ ಪ್ರಶ್ನೆ, ಅಂದ್ರೆ ತುಂಡು ಮಾಡುವ ಪ್ರಶ್ನೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯದು. ಅದರ 17ನೇ ಸೆಕ್ಷನ್ ಪ್ರಕಾರ, ತನ್ನ ಜಾಗವನ್ನು ವಿಭಾಗಿಸಬೇಕು ಅಥವಾ ಅದರಲ್ಲಿ ಖಾಸಗಿ ರಸ್ತೆ ಬಿಡಬೇಕು ಅಂತಿರುವವರು ಮೊದಲು ನಕ್ಷೆಯನ್ನು ಯೋಜನಾ ಪ್ರಾಧಿಕಾರಕ್ಕೆ ಕೊಟ್ಟು ಮಂಜೂರಾತಿ ಪಡೆಯಬೇಕು. ಬೆಂಗಳೂರಿನಲ್ಲಿ ಬಿಡಿಎ ಕಾಯ್ದೆಯ 32ನೇ ಸೆಕ್ಷನ್ ಹೊಸ ಬಡಾವಣೆ, ರಸ್ತೆಗಳ ಬಗ್ಗೆ ಇದೇ ಮಾತು ಹೇಳುತ್ತದೆ. ಗ್ರಾಮ ಪಂಚಾಯಿತಿಗೆ ತಾನೇ ಬಡಾವಣೆ ಅನುಮೋದಿಸುವ ಅಧಿಕಾರ ಇಲ್ಲ. ನಕ್ಷೆಯ ಮೇಲೆ ಪಂಚಾಯಿತಿಯ ದುಂಡು ಸೀಲು ಇದೆ ಅನ್ನೋದು ಅನುಮೋದನೆ ಅಲ್ಲ. ನಮ್ಮಪ್ಪನ ಜೆರಾಕ್ಸ್ ಮೇಲೂ ಆ ಸೀಲು ಚೆನ್ನಾಗಿಯೇ ಬಿದ್ದಿದೆ.

ಇದು ದೊಡ್ಡ ಡೆವಲಪರ್‌ಗಳಿಗೆ ಮಾತ್ರ ಅನ್ವಯಿಸುವ ನಿಯಮವೂ ಅಲ್ಲ. ಅನುಮೋದಿತ ಬಡಾವಣೆಯಲ್ಲೇ ಇರುವ 40×60 ಸೈಟನ್ನು ಅಣ್ಣತಮ್ಮಂದಿರು ಪಾಲುಪತ್ರ ಬರೆದುಕೊಂಡು ಎರಡು ಮಾಡಿಕೊಂಡರೂ ವಿಭಜನೆಗೆ ಮಂಜೂರಾತಿ ಬೇಕು. ಪಾಲುಪತ್ರ ನೋಂದಣಿಯಾಗುತ್ತದೆ, ಎಲ್ಲ ಸರಿ ಅನ್ನಿಸುತ್ತದೆ, ಮನೆ ನಕ್ಷೆಗೆ ಅರ್ಜಿ ಹಾಕಿದ ದಿನ ತಕರಾರು ಶುರುವಾಗುತ್ತದೆ.

ಯೋಜನಾ ಪ್ರಾಧಿಕಾರ ನಕ್ಷೆ ನೋಡುವಾಗ ಏನು ಕೇಳುತ್ತೆ? ರಸ್ತೆ ಎಷ್ಟು ಅಗಲ, ಸಾಮಾನ್ಯವಾಗಿ ಕನಿಷ್ಠ 9 ಮೀಟರ್. ಪಾರ್ಕಿಗೆ ಎಷ್ಟು ಜಾಗ, ಶಾಲೆ, ಅಂಗನವಾಡಿ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಎಷ್ಟು. ಚರಂಡಿ ನೀರು ಎಲ್ಲಿಗೆ ಹೋಗುತ್ತೆ, ಪಕ್ಕದ ಬಡಾವಣೆಯ ರಸ್ತೆಗೆ ಇಲ್ಲಿನ ರಸ್ತೆ ಕೂಡುತ್ತಾ, ರಾಜಕಾಲುವೆಯಿಂದ ಎಷ್ಟು ದೂರ ಬಿಟ್ಟಿದೆ. ರಸ್ತೆ ಮತ್ತು ಪಾರ್ಕನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡುವ ಪತ್ರ ನೋಂದಣಿಯಾಗಬೇಕು, ಕಾಮಗಾರಿ ಮುಂದುವರಿದಂತೆ ಸೈಟುಗಳು ಮಾರಾಟಕ್ಕೆ ಬಿಡುಗಡೆಯಾಗಬೇಕು. ಊರಿಂದೂರಿಗೆ ವಲಯ ನಿಯಮಾವಳಿ ಬೇರೆಯಾದರೂ, ಇಷ್ಟೆಲ್ಲ ಕಳೆದ ಮೇಲೆ ಮಾರಲು ಉಳಿಯುವುದು ಹೆಚ್ಚೂಕಡಿಮೆ ಜಮೀನಿನ ಅರ್ಧ, ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ.

ಈ 'ಅರ್ಧ'ದಲ್ಲೇ ಇಡೀ ರಾಜಕಾರಣ ಅಡಗಿದೆ. ಹಾಗಾಗಿ ಒಂದು ಸಣ್ಣ ಲೆಕ್ಕ ಮಾಡೋಣ.

ಒಂದು ಗುಂಟೆ ಅಂದ್ರೆ 1,089 ಚದರಡಿ. 40 ಗುಂಟೆ ಒಂದು ಎಕರೆ, 43,560 ಚದರಡಿ. 30×40 ಸೈಟು 1,200 ಚದರಡಿ. ಅನುಮೋದಿತ ಬಡಾವಣೆಯಲ್ಲಿ ಶೇ. 55ರಷ್ಟು ಸೈಟಿಗೆ ಸಿಕ್ಕಿತು ಅಂದುಕೊಳ್ಳಿ: ಸುಮಾರು 23,950 ಚದರಡಿ, ಎಕರೆಗೆ 20 ಸೈಟು. ಈಗ ಅನುಮೋದನೆಯ ಗೋಜೇ ಬೇಡ ಅಂತ 20 ಅಡಿ ರಸ್ತೆ ಬಿಟ್ಟು, ಪಾರ್ಕು ಸೌಲಭ್ಯ ಎಲ್ಲ ತೆಗೆದುಹಾಕಿದರೆ ಶೇ. 75ರವರೆಗೂ ಮಾರಬಹುದು: 32,670 ಚದರಡಿ, ಎಕರೆಗೆ 27 ಸೈಟು. ವ್ಯತ್ಯಾಸ ಎಕರೆಗೆ ಏಳು ಸೈಟು. ನಾಲ್ಕು ಎಕರೆಗೆ ಇಪ್ಪತ್ತೆಂಟು. ಆ ಇಪ್ಪತ್ತೆಂಟು ಸೈಟುಗಳು ಎಲ್ಲಿಂದ ಬಂದವು ಅಂದ್ರೆ, ಆಂಬ್ಯುಲೆನ್ಸ್ ತಿರುಗಬೇಕಾದ ರಸ್ತೆಯ ಅಗಲದಿಂದ, ಮಕ್ಕಳು ಆಡಬೇಕಿದ್ದ ಮೈದಾನದಿಂದ, ಅಂಗನವಾಡಿಗೆ ಇರಬೇಕಿದ್ದ ಮೂಲೆಯಿಂದ. ಅದರ ಹಣ ಲೇಔಟ್ ಮಾಡಿದವನ ಜೇಬಿಗೆ ಹೋಯಿತು. ಹತ್ತು ವರ್ಷದ ನಂತರ ರಸ್ತೆ ಅಗಲಿಸಿ, ಚರಂಡಿ ಮಾಡಿ ಅಂತ ಜನ ಕೇಳಿದಾಗ ಖರ್ಚು ಬೀಳುವುದು ನಗರಸಭೆಯ ಮೇಲೆ, ಅಂದ್ರೆ ನಮ್ಮೆಲ್ಲರ ಮೇಲೆ.

ಇದೇ ಲೆಕ್ಕವನ್ನು ಉಲ್ಟಾ ಮಾಡಿ ನೋಡಿದರೆ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಅರ್ಥವಾಗುತ್ತವೆ. 1898ರ ಪ್ಲೇಗಿನ ನಂತರ, ಇಕ್ಕಟ್ಟಿನ ಪೇಟೆಯಲ್ಲಿ ಜನ ಹುಳಗಳಂತೆ ಸತ್ತದ್ದನ್ನು ಕಂಡು, ಗಾಳಿ ಬೆಳಕು ಬರುವ ಹಾಗೆ ಗೆರೆ ಎಳೆದು ಮಾಡಿದ ಬಡಾವಣೆಗಳವು. ಮೈಸೂರಿನಲ್ಲಿ 1903ರಲ್ಲೇ ನಗರ ಸುಧಾರಣಾ ಮಂಡಳಿ ಬಂತು, ಬೆಂಗಳೂರಿಗೆ 1945ರಲ್ಲಿ, ಅದು 1976ರಲ್ಲಿ ಬಿಡಿಎ ಆಯಿತು. ಬಡಾವಣೆ ನಿಯಮ ಅನ್ನೋದು ಮೂಲದಲ್ಲಿ ಆರೋಗ್ಯದ ನಿಯಮ. ಅದನ್ನು ಬರೀ ಕಚೇರಿ ಕಿರಿಕಿರಿ ಅಂತ ನೋಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಕಚೇರಿಗಳೂ ಹಾಗೆ ನೋಡುವಂತೆಯೇ ನಡೆದುಕೊಂಡಿವೆ, ಅದು ಬೇರೆ ಮಾತು.

ರೆವಿನ್ಯೂ ಲೇಔಟ್ ಹೇಗೆ ಹುಟ್ಟುತ್ತೆ

ರೈತರೊಬ್ಬರ ಹತ್ತಿರ ಮೂರು ಎಕರೆ ಇದೆ. ಮಗಳ ಮದುವೆ, ಬೋರ್‌ವೆಲ್ ಸಾಲ, ಏನೋ ಒಂದು. ಲೇಔಟ್ ಮಾಡುವವನು ಬಂದು ಮುಂಗಡ ಕೊಟ್ಟು ಕರಾರು ಬರೆಸಿಕೊಳ್ಳುತ್ತಾನೆ, ಜೊತೆಗೊಂದು ಜಿಪಿಎ. ಜಮೀನು ಅವನ ಹೆಸರಿಗೆ ಆಗುವುದೇ ಇಲ್ಲ. ಸೈಟು ಮಾರುವ ಪ್ರತಿ ಪತ್ರದಲ್ಲೂ ಮಾರಾಟಗಾರರು ಅಂತ ಇರುವುದು ಆ ರೈತರೇ. ನಾಳೆ ಏನಾದರೂ ಆದರೆ ಕೋರ್ಟಿಗೆ ಅಲೆಯುವವರು ಅವರು ಮತ್ತು ಕೊಂಡವರು, ನಡುವಿನವನು ಅಷ್ಟರಲ್ಲಿ ಮತ್ತೊಂದು ಊರಿನಲ್ಲಿ ಕಲ್ಲು ನೆಡುತ್ತಿರುತ್ತಾನೆ. ಬರೀ ಜಿಪಿಎ ಮತ್ತು ಕರಾರಿನ ಮೇಲೆ ಸೈಟು ಕೊಂಡವರ ಸ್ಥಿತಿ ಇನ್ನೂ ಕಷ್ಟ. ಅಂಥ ವ್ಯವಹಾರದಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲೇ ಹೇಳಿದೆ.

ಇನ್ನು ತುಂಡನ್ನು ನೋಂದಣಿ ಮಾಡಿಸುವ ದಾರಿಗಳು. ಕೃಷಿ ಜಮೀನಿನ ಒಂದು ಸರ್ವೆ ನಂಬರಿನಲ್ಲಿ ಭಾಗವನ್ನು ಮಾತ್ರ ಮಾರಬೇಕಾದರೆ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು. ಇದನ್ನು ತಪ್ಪಿಸಲು ಜಮೀನಿಗೆ ಪಂಚಾಯಿತಿಯ ಖಾನೇಶುಮಾರಿ ನಂಬರು ಕೊಡಿಸಿ, ಅದು ಊರೊಳಗಿನ ಮನೆ ಜಾಗವೇ ಎಂಬಂತೆ ತೋರಿಸುವುದು ಹಳೆಯ ದಾರಿ. ಕೈಬರಹದ 9-11 ಪತ್ರಗಳ ಕಾಲದಲ್ಲಿ ಇದು ಧಾರಾಳವಾಗಿ ನಡೆಯಿತು. ಇದಕ್ಕೆ ಕಡಿವಾಣ ಹಾಕಲೆಂದೇ ಗ್ರಾಮ ಪಂಚಾಯಿತಿಗಳಿಗೆ ಇ-ಸ್ವತ್ತು ತಂತ್ರಾಂಶ ಬಂದದ್ದು. ಈಗಿನ ಹೊಸ ದಾರಿ 'ಫಾರ್ಮ್ ಪ್ಲಾಟ್'. 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದ್ದರಿಂದ ಹೊಲವನ್ನು ಹೊಲವಾಗಿಯೇ ಕೆಲವೇ ಗುಂಟೆಗಳಲ್ಲಿ ಮಾರಿ, ಸುತ್ತ ಬೇಲಿ ಹಾಕಿ, ಗೇಟಿಗೆ ಕಮಾನು ಕಟ್ಟಿ, ವಾರಾಂತ್ಯದ ಮನೆಯ ಆಸೆ ಹುಟ್ಟಿಸುತ್ತಾರೆ. ಪಹಣಿಯಲ್ಲಿ ಜಂಟಿ ಹೆಸರು, ನೆಲದ ಮೇಲೆ ಪೋಡಿ ಇಲ್ಲ. ಅಲ್ಲಿ ಮನೆ ಕಟ್ಟಲು ಹೊರಟರೆ ಮತ್ತೆ ಅದೇ 95, ಅದೇ 17.

ಜಮೀನಿನ ಹಿಂದಿನ ಕತೆಯೂ ಮುಖ್ಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಕೊಂಡಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಮಾರಾಟ ಊರ್ಜಿತವಲ್ಲ. ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಜಮೀನು ವಾಪಸ್ ಹೋಗುತ್ತದೆ. ತುಂಬಾ ತಡವಾಗಿ ಬಂದ ಅರ್ಜಿಗಳನ್ನು ಪುರಸ್ಕರಿಸಬೇಕಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2023ರಲ್ಲಿ ರಾಜ್ಯ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಮಾಡಿತು. ನಗರ ಬೆಳೆದಾಗ ಮೊದಲು ಕೈಬಿಟ್ಟು ಹೋದದ್ದು ಇಂಥ ಜಮೀನುಗಳೇ, ಅದೂ ಅತಿ ಅಗ್ಗಕ್ಕೆ. ಸೈಟು ಕೊಂಡವರಿಗೆ ಈ ಕಾಯ್ದೆ ಕಂಟಕದಂತೆ ಕಾಣುತ್ತದೆ. ಆದರೆ ಅದರ ಸಿಟ್ಟನ್ನು ಮಂಜೂರಾತಿದಾರರ ಮೇಲೆ ತಿರುಗಿಸುವ ಮಾತು ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ಎಷ್ಟು ಸಲೀಸಾಗಿ ಬರುತ್ತೆ ಅಂತ ನಾನು ನೋಡಿದ್ದೇನೆ. ಮೂಲ ದಾಖಲೆ ಮುಚ್ಚಿಟ್ಟು ಮಾರಿದವನ ಹೆಸರು ಆ ಗುಂಪುಗಳಲ್ಲಿ ಬರುವುದಿಲ್ಲ.

ಖರಾಬಿನ ಬಗ್ಗೆ ಒಂದು ಮಾತು. ಪಹಣಿಯಲ್ಲಿ ಎ ಖರಾಬು, ಬಿ ಖರಾಬು ಅಂತ ಇರುತ್ತದೆ. ಎ ಖರಾಬು ಸಾಗುವಳಿಗೆ ಬಾರದ ಜಾಗ, ಅದು ಹಿಡುವಳಿಯ ಜೊತೆಗೇ ಬರುತ್ತದೆ. ಬಿ ಖರಾಬು ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ, ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಮಳೆ ಬಂದ ರಾತ್ರಿ ಕೆಲವು ಬಡಾವಣೆಗಳ ಕೆಲವೇ ಮನೆಗಳಿಗೆ ನೀರು ನುಗ್ಗುತ್ತದಲ್ಲ, ಆ ಮನೆಗಳ ಕೆಳಗೆ ಏನಿತ್ತು ಅಂತ ಗ್ರಾಮನಕಾಶೆ ತೆಗೆದು ನೋಡಿ.

ಖಾತಾ ಅಂದ್ರೆ ಹಕ್ಕುಪತ್ರ ಅಲ್ಲ

ಖಾತಾ ಅನ್ನುವುದು ತೆರಿಗೆ ಲೆಕ್ಕದ ಪುಸ್ತಕದ ಒಂದು ಪುಟ. ಈ ಆಸ್ತಿಗೆ ಇವರು ತೆರಿಗೆ ಕಟ್ಟಬೇಕು ಅಂತ ಸ್ಥಳೀಯ ಸಂಸ್ಥೆ ಬರೆದಿಟ್ಟುಕೊಳ್ಳುವುದು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆದಾಗ, ಅನುಮೋದನೆ ಇಲ್ಲದ ಲಕ್ಷಾಂತರ ಆಸ್ತಿಗಳೂ ಒಳಗೆ ಬಂದವು. ಅವುಗಳಿಂದ ತೆರಿಗೆ ಬೇಕು, ಆದರೆ ಸಕ್ರಮ ಅಂತ ಒಪ್ಪಿಕೊಳ್ಳಲಾಗದು. ಅದಕ್ಕಾಗಿ ಬೇರೆಯೇ ಒಂದು ವಹಿ ಇಟ್ಟರು, ಅದೇ ಬಿ ವಹಿ. ಜನರ ಬಾಯಲ್ಲಿ 'ಬಿ-ಖಾತಾ' ಆಯಿತು, ಏಜೆಂಟರ ಬಾಯಲ್ಲಿ 'ಸದ್ಯದಲ್ಲೇ ಎ ಆಗುತ್ತೆ' ಆಯಿತು.

2024ರ ಕೊನೆಯಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಇದು ಒಳ್ಳೆಯ ಸುಧಾರಣೆಯೇ, ಒಂದೇ ಸೈಟನ್ನು ಇಬ್ಬರಿಗೆ ಮಾರುವ ಕಸುಬಿಗೆ ಹೊಡೆತ ಬಿತ್ತು. ಆದರೆ ಖಾತಾವೇ ಇಲ್ಲದ ರೆವಿನ್ಯೂ ಸೈಟಿನವರು ಮಾರಲೂ ಆಗದೆ, ಅಡವಿಡಲೂ ಆಗದೆ ಸಿಕ್ಕಿಕೊಂಡರು. ಒತ್ತಡ ಬಂತು. 2025ರ ಫೆಬ್ರುವರಿಯಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ-ಖಾತಾ ಕೊಡುವ ಅಭಿಯಾನ ಶುರುವಾಯಿತು, ಒಂದು ಸಲ ದುಪ್ಪಟ್ಟು ತೆರಿಗೆ ಕಟ್ಟಿಸಿಕೊಂಡು. ಗ್ರಾಮ ಪಂಚಾಯಿತಿ ಆಸ್ತಿಗಳಿಗೂ ಅದೇ ವರ್ಷ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ಬಂತು. ಬೆಂಗಳೂರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದ ಬೆನ್ನಲ್ಲೇ, ನವೆಂಬರ್‌ನಿಂದ ಮಾರ್ಗಸೂಚಿ ದರದ ಶೇ. 5ರಷ್ಟು ಕಟ್ಟಿದರೆ ಬಿ ಇಂದ ಎ ಮಾಡಿಕೊಡುವ ಯೋಜನೆ ಬಂತು.

ಈ ನಡುವೆ ಇನ್ನೊಂದು ಪೆಟ್ಟು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಉತ್ತರ ಪ್ರದೇಶದ ಮೀರತ್ತಿನ ಪ್ರಕರಣವೊಂದರಲ್ಲಿ, ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಅಂತ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿತು. ನಮ್ಮ ಎಸ್ಕಾಂಗಳು 2025ರಲ್ಲಿ ಹೊಸ ಸಂಪರ್ಕ ನಿಲ್ಲಿಸಿದವು. ಮನೆ ಕಟ್ಟಿ ಮುಗಿಸಿ ಗೃಹಪ್ರವೇಶವೂ ಆದವರು ತಾತ್ಕಾಲಿಕ ಮೀಟರಿನ ದುಬಾರಿ ದರ ಕಟ್ಟುತ್ತಾ ಕೂತರು. ಕಡೆಗೆ 1,200 ಚದರಡಿವರೆಗಿನ ಸೈಟಿನ ಮನೆಗಳಿಗೆ ಸ್ವಾಧೀನಾನುಭವ ಪತ್ರದಿಂದ ವಿನಾಯಿತಿ ಕೊಡಲು ಸಚಿವ ಸಂಪುಟ ತೀರ್ಮಾನಿಸಿತು. 30×40ರ ಲೆಕ್ಕ ಎಷ್ಟು ರಾಜಕೀಯದ್ದು ಅಂತ ಇದರಿಂದಲೇ ಗೊತ್ತಾಗಬೇಕು.

ಸಕ್ರಮ ಮಾಡುವುದು ತಪ್ಪಾ?

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಇರುವ ಮನೆಗಳನ್ನು ಸಕ್ರಮ ಮಾಡಲೇಬೇಕು, ಬೇರೆ ದಾರಿ ಇಲ್ಲ. ಆದರೆ ನಾವು ಮಾಡುತ್ತಿರುವ ರೀತಿ, ಬಲಿಪಶುವಿನಿಂದಲೇ ದಂಡ ಕಟ್ಟಿಸಿಕೊಳ್ಳುವ ರೀತಿ.

ಅಕ್ರಮ-ಸಕ್ರಮದ ಇತಿಹಾಸ ನೋಡಿ. ಯೋಜನಾ ಕಾಯ್ದೆಗೆ 76ಎಫ್ಎಫ್ ಅಂತ ಸೆಕ್ಷನ್ ಸೇರಿಸಿ, ವಾಸದ ಕಟ್ಟಡದಲ್ಲಿ ಶೇ. 50ರವರೆಗಿನ, ವಾಣಿಜ್ಯ ಕಟ್ಟಡದಲ್ಲಿ ಶೇ. 25ರವರೆಗಿನ ಉಲ್ಲಂಘನೆಯನ್ನು ಶುಲ್ಕ ಪಡೆದು ಮನ್ನಿಸುವ ಯೋಜನೆ ಅದು. 2013ರ ಅಕ್ಟೋಬರ್ 19 ಕಡೆಯ ದಿನಾಂಕ. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆಮೇಲೆ ಬಂದ ಎಲ್ಲ ಸರ್ಕಾರಗಳೂ, ಯಾವ ಪಕ್ಷದ್ದೇ ಇರಲಿ, ಬೇರೆ ಬೇರೆ ಹೆಸರಿನಲ್ಲಿ ಅದೇ ಬಾಗಿಲನ್ನು ತೆರೆಯಲು ನೋಡಿವೆ. ಈ ಎಲ್ಲ ಯೋಜನೆಗಳಲ್ಲೂ ದುಡ್ಡು ಕಟ್ಟುವವರು ಈಗಿನ ಮಾಲೀಕರು. ಎಕರೆಗೆ ಏಳು ಸೈಟು ಜಾಸ್ತಿ ಮಾರಿದವನನ್ನು ಹುಡುಕಿ ವಸೂಲಿ ಮಾಡುವ ಒಂದು ಸಾಲು ಕೂಡ ಅವುಗಳ ನಡುಮಧ್ಯೆ ಕಾಣುವುದಿಲ್ಲ.

ಜನ ಗೊತ್ತಿದ್ದೂ ರೆವಿನ್ಯೂ ಸೈಟು ಯಾಕೆ ಕೊಳ್ಳುತ್ತಾರೆ ಅನ್ನುವುದಕ್ಕೂ ಉತ್ತರ ಬೇಕು. ಅನುಮೋದಿತ ಬಡಾವಣೆಯ ಸೈಟು ಅವರ ಕೈಗೆ ಎಟಕುವುದಿಲ್ಲ. ಪ್ರಾಧಿಕಾರಗಳು ಹಂಚುವ ಸೈಟಿಗೆ ಅರ್ಜಿ ಹಾಕಿದವರು ಮೊಮ್ಮಕ್ಕಳನ್ನು ಕಾಣುವವರೆಗೂ ಕಾಯುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು, ಆಟೊ ಓಡಿಸುವವರು, ಹಳ್ಳಿ ಬಿಟ್ಟು ಬಂದವರು ಎಲ್ಲಿಗೆ ಹೋಗಬೇಕು? ಬಾಡಿಗೆ ಮನೆಯಲ್ಲಿ ಜಾತಿ ಕೇಳಿ 'ಮನೆ ಖಾಲಿ ಇಲ್ಲ' ಅನ್ನಿಸಿಕೊಂಡವರಿಗೆ ಸ್ವಂತದ 20×30 ಅಂದ್ರೆ ಏನು ಅಂತ ಅನುಭವಿಸಿದವರಿಗೇ ಗೊತ್ತು. ನಿಯಮ ಪಾಲಿಸಿದ ಅಗ್ಗದ ಸೈಟು ಒದಗಿಸುವ ಕೆಲಸವನ್ನು ಸರ್ಕಾರ ಮಾಡಲಿಲ್ಲ, ಆ ಜಾಗವನ್ನು ರೆವಿನ್ಯೂ ಲೇಔಟ್ ತುಂಬಿತು. ಎರಡನ್ನೂ ಒಟ್ಟಿಗೆ ಹೇಳದೆ ಬರೀ 'ಅಕ್ರಮ ಬಡಾವಣೆ' ಅಂತ ಶೀರ್ಷಿಕೆ ಕೊಡುವುದು ಅರ್ಧ ಸುದ್ದಿ.

ಆದರೆ ಖಾತಾದ ಅಕ್ಷರ ಬದಲಾದರೆ ರಸ್ತೆ ಅಗಲವಾಗುವುದಿಲ್ಲ. ಬಿ ಎ ಆದ ಮರುದಿನವೂ ಆ 20 ಅಡಿ ರಸ್ತೆಯಲ್ಲಿ ಅಗ್ನಿಶಾಮಕ ವಾಹನ ತಿರುಗುವುದಿಲ್ಲ. ಸಕ್ರಮದಿಂದ ಬಂದ ಹಣ ಆಯಾ ಬಡಾವಣೆಗೇ ಹೋಗಿ, ಅದರಲ್ಲಿ ಪಕ್ಕದ ಖಾಲಿ ಜಾಗ ಕೊಂಡು ಅಂಗನವಾಡಿಯನ್ನೋ ಆಟದ ಮೈದಾನವನ್ನೋ ಮಾಡಬೇಕು ಅಂತ ಷರತ್ತು ಹಾಕಲು ಸಾಧ್ಯ. ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಇದನ್ನೇ ಅಂತ ನನಗನ್ನಿಸುತ್ತದೆ.

ಪಾರ್ಕಿಗಾಗಿ ಕೋರ್ಟಿಗೆ ಹೋದವರು

ಅನುಮೋದಿತ ನಕ್ಷೆಯ ಬಲ ಎಷ್ಟು ಅಂತ ತಿಳಿಯಬೇಕಾದರೆ ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ಕೇಸು ನೋಡಬೇಕು. ಅಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆಂದು ಒಂದು ಟ್ರಸ್ಟಿಗೆ ಕೊಡಲಾಯಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಹೆಸರಿನ ಆ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆಯನ್ನು ಒಪ್ಪಲಿಲ್ಲ. ಆಸ್ಪತ್ರೆ ಬೇಕಾದದ್ದೇ ಆದರೂ ಪಾರ್ಕು ಐಷಾರಾಮವಲ್ಲ, ನಕ್ಷೆಯಲ್ಲಿ ತೆರೆದ ಜಾಗ ಅಂತ ಇದ್ದದ್ದನ್ನು ಯಾರಿಗೋ ಕೊಡಲು ಸರ್ಕಾರಕ್ಕೂ ಅಧಿಕಾರವಿಲ್ಲ, ಅಲ್ಲಿ ವಾಸಿಸುವವರು ಅದನ್ನು ಪ್ರಶ್ನಿಸಬಹುದು ಅನ್ನುವುದು ಅದರ ತಿರುಳು. ಇಡೀ ದೇಶದಲ್ಲಿ ಇಂದಿಗೂ ಉಲ್ಲೇಖವಾಗುವ ತೀರ್ಪು. ರಾಜ್ಯದಲ್ಲಿ 1985ರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಕಾಯ್ದೆಯೂ ಇದೆ.

ಹಾಗಾದ್ರೆ ನಮ್ಮ ಬಡಾವಣೆಯವರು ಯಾಕೆ ಹೋಗಬಾರದು? ಯಾಕಂದ್ರೆ ಕಾನೂನಿನ ಕಣ್ಣಲ್ಲಿ ನಮ್ಮ ಪಾರ್ಕು ಯಾವತ್ತೂ ಇರಲೇ ಇಲ್ಲ. ನಕ್ಷೆ ಮಂಜೂರಾಗಿಲ್ಲ, ಪಾರ್ಕನ್ನು ಯಾವ ಸಂಸ್ಥೆಗೂ ಬಿಟ್ಟುಕೊಟ್ಟಿಲ್ಲ, ಪಹಣಿಯಲ್ಲಿ ಅದು ಹಳೆಯ ಮಾಲೀಕರ ಹೆಸರಲ್ಲೇ ಇತ್ತು. ಅದನ್ನೂ ಮೂರು ಸೈಟು ಮಾಡಿ ಮಾರಿದರು. ಅನುಮೋದಿತ ಬಡಾವಣೆಯಲ್ಲಿ ಪಾರ್ಕು ಕಳೆದುಹೋದರೆ ಅದು ಕಳ್ಳತನ, ನಮ್ಮಲ್ಲಿ ಅದು ಕೇವಲ ಮತ್ತೊಂದು ಮಾರಾಟ.

ಕೊಳ್ಳುವ ಮುಂಚೆ, ಕೊಂಡ ಮೇಲೆ

ಸ್ನೇಹಿತರು ಯಾರಾದರೂ 'ಸೈಟು ನೋಡಿದೀನಿ' ಅಂದಾಗ ನಾನು ಮೊದಲು ಸರ್ವೆ ನಂಬರು ಕೇಳುತ್ತೇನೆ. ಸರ್ಕಾರದ ದಿಶಾಂಕ್ ಆಪ್ ತೆರೆದು ಸೈಟಿನಲ್ಲಿ ನಿಂತರೆ ಅದು ಯಾವ ಸರ್ವೆ ನಂಬರಿನ ನೆಲ ಅಂತ ತೋರಿಸುತ್ತದೆ. ಹಾಗೆ ನಿಂತು ನೋಡಿದಾಗ ಪತ್ರದ ನಂಬರೇ ಬೇರೆ, ಕಾಲಡಿಯ ನಂಬರೇ ಬೇರೆ ಆದ ಉದಾಹರಣೆಗಳಿವೆ. ಆಮೇಲೆ ಹಳೆಯ ಪಹಣಿ, ಮ್ಯುಟೇಶನ್, ಕನಿಷ್ಠ ಮೂವತ್ತು ವರ್ಷದ ಇಸಿ, ಮಂಜೂರಾತಿ ಜಮೀನಾ ಅಂತ ತಿಳಿಯಲು ತಹಶೀಲ್ದಾರ್ ಕಚೇರಿಯ ಕಡತ. ಕನ್ವರ್ಷನ್ ಆದೇಶವನ್ನು ಪೂರ್ತಿ ಓದಬೇಕು, ಷರತ್ತುಗಳು ಕೊನೆಯ ಪುಟದಲ್ಲಿರುತ್ತವೆ, ಅದರಲ್ಲಿ ನಕ್ಷೆ ಅನುಮೋದನೆಯ ಮಾತು ಇದ್ದೇ ಇರುತ್ತೆ. ಕಡೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ನಕ್ಷೆ. ಏಜೆಂಟ್ ಕೊಟ್ಟ ಪ್ರತಿಯನ್ನು ನಂಬಬೇಡಿ, ಪ್ರಾಧಿಕಾರದಿಂದಲೇ ದೃಢೀಕೃತ ನಕಲು ತೆಗೆಸಿ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ ರೇರಾ ನೋಂದಣಿ ಇಲ್ಲದೆ ಜಾಹೀರಾತು ಕೊಡುವುದೇ ತಪ್ಪು. ರೇರಾ ಜಾಲತಾಣದಲ್ಲಿ ನಂಬರು ಹಾಕಿ ನೋಡಲು ಎರಡು ನಿಮಿಷ ಸಾಕು.

ಈಗಾಗಲೇ ವಾಸವಿರುವವರಿಗೆ ಆರ್‌ಟಿಐ ಒಳ್ಳೆಯ ಸಾಧನ. ನಿಮ್ಮ ಬಡಾವಣೆಯ ಮಂಜೂರಾತಿ ನಕ್ಷೆಯ ನಕಲು, ಪಾರ್ಕು ಮತ್ತು ನಾಗರಿಕ ಸೌಲಭ್ಯದ ಜಾಗಗಳ ಪಟ್ಟಿ, ಅವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ನೋಂದಾಯಿತ ಪತ್ರ, ಇಷ್ಟನ್ನು ಒಂದೇ ಅರ್ಜಿಯಲ್ಲಿ ಕೇಳಿ. ಉತ್ತರ ಬಂದರೆ ಆ ಪಟ್ಟಿ ಹಿಡಿದು ಒಂದು ಭಾನುವಾರ ಬಡಾವಣೆ ಸುತ್ತಿ.

ನಾನೂ ಕೇಳಿದೆ. ನಮ್ಮ ಬಡಾವಣೆ ಈಗ ನಗರಸಭೆಯ ವ್ಯಾಪ್ತಿಯಲ್ಲಿದೆ. 'ಸದರಿ ಬಡಾವಣೆಗೆ ಸಂಬಂಧಿಸಿದಂತೆ ಯಾವುದೇ ಅನುಮೋದಿತ ನಕ್ಷೆ ಲಭ್ಯವಿರುವುದಿಲ್ಲ' ಅಂತ ಒಂದು ಸಾಲಿನ ಉತ್ತರ ಬಂತು. ಕಳೆದ ವರ್ಷದ ಅಭಿಯಾನದಲ್ಲಿ ಅಪ್ಪ ದುಪ್ಪಟ್ಟು ತೆರಿಗೆ ಕಟ್ಟಿ ಬಿ-ಖಾತಾ ಮಾಡಿಸಿಕೊಂಡರು. ಅದಕ್ಕೆ ಚೆಕ್ಕುಬಂದಿ ನಮೂದಿಸಬೇಕಿತ್ತು. ಕೌಂಟರಿನಲ್ಲಿದ್ದ ಹುಡುಗ ಕ್ರಯಪತ್ರದಲ್ಲಿ ಇದ್ದಂತೆಯೇ ಟೈಪ್ ಮಾಡಿದ. ಹೀಗಾಗಿ ಈಗ ಕ್ಯೂಆರ್ ಕೋಡ್ ಇರುವ ಸರ್ಕಾರಿ ದಾಖಲೆಯಲ್ಲಿ ನಮ್ಮ ಸೈಟಿನ ಪಶ್ಚಿಮಕ್ಕೆ 20 ಅಡಿ ರಸ್ತೆ, ಉತ್ತರಕ್ಕೆ ಮತ್ತು ದಕ್ಷಿಣಕ್ಕೆ ಪಕ್ಕದ ಸೈಟುಗಳು, ಪೂರ್ವಕ್ಕೆ 'ಉದ್ಯಾನವನಕ್ಕೆ ಬಿಟ್ಟ ಜಾಗ'. ಆ ಜಾಗದ ಮೂರು ಮನೆಯವರೂ ಅದೇ ದಿನ ಅದೇ ಸಾಲಿನಲ್ಲಿ ಬಿ-ಖಾತಾಕ್ಕೆ ನಿಂತಿದ್ದರು.